ಟ್ಯೂಬ್ ಐದು ತಿಂಗಳು ಬಂತಾ? ಹಾಗಾದರೆ ಹಚ್ಚಿದ್ದು ಕಡಿಮೆ

ಜನವರಿಯ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ನಮ್ಮ ಅಂಗಡಿಯಿಂದಲೇ ಒಯ್ದಿದ್ದ 50 ಗ್ರಾಂ ಸನ್‌ಸ್ಕ್ರೀನ್ ಟ್ಯೂಬನ್ನು ಭಾವನವರ ಮಗಳು ಮೇ ತಿಂಗಳಲ್ಲಿ ತಂದು ಕೌಂಟರ್ ಮೇಲೆ ಇಟ್ಟಳು. "ಕಾಕೂ, ದಿನಾ ತಪ್ಪದ ಹಚ್ಚಕೋತೀನಿ. ಆದ್ರೂ ಮಾರಿ ಕರ್ರಗ ಆಗೇದ. ಇದು ಡುಪ್ಲಿಕೇಟ್ ಮಾಲ್ ಅದ ಏನ?"

ಟ್ಯೂಬ್ ಒತ್ತಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಇನ್ನೂ ಒಳಗೇ ಇತ್ತು. ಮಾಲೇನೋ ಸರಿಯಾಗೇ ಇತ್ತು, ಮುಖಕ್ಕೆ ಬಂದಿರಲಿಲ್ಲ ಅಷ್ಟೇ.

ವಿಜಯಪುರದಲ್ಲಿ ಮೆಡಿಕಲ್ ಅಂಗಡಿಯ ಕೌಂಟರ್ ಹಿಂದೆ ನಿಂತು ಇಂಥ ಟ್ಯೂಬುಗಳನ್ನು ಬಹಳ ನೋಡಿದ್ದೇನೆ. ಅದಕ್ಕೇ ಈ ಬರಹ.

ಮೊದಲು ಬಿಸಿಲಿನ ಲೆಕ್ಕ

ನಮ್ಮೂರಲ್ಲಿ ಬಿಸಿಲು ಅಂದರೆ ಎಲ್ಲರೂ ನೋಡುವುದು ಶಾಖ. 40 ಡಿಗ್ರಿ ದಾಟಿದರೆ ತಲೆಗೆ ಟವೆಲ್, 28 ಇದ್ದರೆ ಏನೂ ಬೇಡ. ಆದರೆ ಚರ್ಮ ಕೆಡಿಸುವುದು ಮುಖ್ಯವಾಗಿ ಅಲ್ಟ್ರಾವಯೊಲೆಟ್ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿಯೂ ತಾಗುವುದಿಲ್ಲ. ಸಂಕ್ರಾಂತಿಯ ತಣ್ಣನೆ ಗಾಳಿಯಲ್ಲಿ ದಿನವಿಡೀ ಜಾತ್ರೆ ಸುತ್ತಿದರೂ ಮುಖ ಕಪ್ಪಾಗುವುದು ಅದಕ್ಕೇ. ತೆಳು ಮೋಡ ಇದ್ದರೂ ಬಹುಪಾಲು ಕಿರಣ ಇಳಿದು ಬರುತ್ತದೆ.

ಇದರಲ್ಲಿ ಎರಡು ಜಾತಿ. ಯುವಿಬಿ ಮೇಲ್ಪದರಕ್ಕೆ ಹೊಡೆಯುತ್ತದೆ. ಚರ್ಮ ಕೆಂಪಗಾಗಿ ಉರಿಯುವುದು ಇದರಿಂದ. ಜೀವಕೋಶದೊಳಗಿನ ಡಿಎನ್ಎಯನ್ನೂ ನೇರವಾಗಿ ಕೆಡಿಸುತ್ತದೆ. ಯುವಿಎ ಇನ್ನೂ ಆಳಕ್ಕೆ ಇಳಿಯುತ್ತದೆ. ಬೇಗ ಸುಕ್ಕು ಬೀಳುವುದು, ಕಲೆ ಉಳಿಯುವುದು ಹೆಚ್ಚಾಗಿ ಅದರ ಕೆಲಸ. ಕಾರಿನ ಪಕ್ಕದ ಗಾಜು ಯುವಿಬಿಯನ್ನು ಬಹಳಷ್ಟು ತಡೆಯುತ್ತದೆ, ಯುವಿಎಯನ್ನು ಒಳಗೆ ಬಿಡುತ್ತದೆ. ಗಾಜು ಏರಿಸಿ ಎಸಿ ಹಾಕಿಕೊಂಡು ದಿನಾ ಬಾಗಲಕೋಟೆಗೆ ಹೋಗಿ ಬರುವವರೂ ಬಲಗೈಗೆ, ಬಲಗೆನ್ನೆಗೆ ಹಚ್ಚಿಕೊಳ್ಳಬೇಕು.

ಬಣ್ಣದ ಬಗ್ಗೆಯೂ ಒಂದು ಮಾತು. ಕಿರಣದ ಏಟು ಬಿದ್ದಾಗ ಚರ್ಮ ಮೆಲನಿನ್ ಅನ್ನುವ ಕಪ್ಪು ಬಣ್ಣ ತಯಾರಿಸಿ ಜೀವಕೋಶದ ನಡುವಿನ ಡಿಎನ್ಎ ಮೇಲೆ ಛತ್ರಿ ಹಿಡಿದ ಹಾಗೆ ಕೂರಿಸುತ್ತದೆ. ನಾವು ಕಪ್ಪಾಗುವುದು ಹಾಗೆ. ನಮ್ಮ ಬಣ್ಣಕ್ಕೆ ಚರ್ಮದ ಕ್ಯಾನ್ಸರಿನ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಬಂಗು, ಕಲೆ ಮಾತ್ರ ನಮಗೇ ಜಾಸ್ತಿ. ಸನ್‌ಸ್ಕ್ರೀನ್ ಬೆಳ್ಳಗಾಗುವ ಕ್ರೀಮಲ್ಲ. ಹಾಗಂತ ಕೇಳಿಕೊಂಡು ಬಂದವರಿಗೆ ನಾನು ಕೊಡುವುದೂ ಇಲ್ಲ.

ಯಾವ ಹೊತ್ತಿಗೆ ಹಚ್ಚಬೇಕು ಅಂದರೆ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಹಚ್ಚಿಕೊಳ್ಳಿ. ವಿಜಯಪುರದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ, ಹನ್ನೆರಡೂವರೆ ಹತ್ತಿರ. ಮೇ ಮತ್ತು ಆಗಸ್ಟ್ ತಿಂಗಳ ಮೊದಲ ವಾರದ ಆಸುಪಾಸು ಆ ಹೊತ್ತಿಗೆ ಗೋಳಗುಮ್ಮಟದ ಅಂಗಳದಲ್ಲಿ ನಿಂತರೆ ನೆರಳು ಕಾಲಡಿಗೇ ಸೇರಿಬಿಡುತ್ತದೆ.

ಕೊಳ್ಳುವಾಗ

ಎರಡೇ ಗುರುತು ನೋಡಿ. ಎಸ್‌ಪಿಎಫ್ 30 ಅಥವಾ ಮೇಲೆ, ಪಿಎ ಮುಂದೆ ಕನಿಷ್ಠ ಮೂರು ಪ್ಲಸ್. ಎಸ್‌ಪಿಎಫ್ ಮುಖ್ಯವಾಗಿ ಯುವಿಬಿಯ ಲೆಕ್ಕ, ಪಿಎ ಯುವಿಎಯದು. ಎಸ್‌ಪಿಎಫ್ 15 ಸುಮಾರು 93%, 30 ಸುಮಾರು 97%, 50 ಸುಮಾರು 98% ಯುವಿಬಿ ತಡೆಯುತ್ತದೆ. 100 ಅಂತ ಬರೆದದ್ದಕ್ಕೆ ದುಪ್ಪಟ್ಟು ರೊಕ್ಕ ಕೊಡಬೇಡಿ. ಬೆವರುವವರು ಜೆಲ್ ತಗೊಳ್ಳಿ, ಒಣ ಚರ್ಮದವರು ಕ್ರೀಮ್. ಬಂಗು ಇದ್ದವರಿಗೆ ಮೈಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಒಂದಿಷ್ಟು ತಡೆಯುತ್ತದೆ, ಬಂಗಿಗೆ ಆ ಬೆಳಕೂ ಆಗಿಬರುವುದಿಲ್ಲ. ಸ್ಪ್ರೇ ನನಗೆ ಸೇರುವುದಿಲ್ಲ. ನಮ್ಮ ಗಾಳಿಗೆ ಅರ್ಧ ಪಕ್ಕದವರ ಮೇಲೆ ಹೋಗುತ್ತದೆ.

ಇನ್ನೊಂದು ಮಾತು ಜೋರಾಗಿಯೇ ಹೇಳುತ್ತೇನೆ. ಗೆಳತಿ ಹೇಳಿದಳು ಅಂತ ಸ್ಟಿರಾಯ್ಡ್ ಇರುವ ಮುಲಾಮು ಒಯ್ದು ಮುಖಕ್ಕೆ ಹಚ್ಚಬೇಡಿ. ಮೊದಲ ತಿಂಗಳು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಸಾಕು ಉರಿಯುತ್ತದೆ. ಅದು ಬರೀ ಸನ್‌ಸ್ಕ್ರೀನ್ ಹಚ್ಚಿದರೆ ಸರಿಹೋಗುವುದಿಲ್ಲ, ಚರ್ಮದ ಡಾಕ್ಟರ ಹತ್ತಿರವೇ ಹೋಗಬೇಕು.

ಎಲ್ಲರೂ ಎಡವುವುದು ಇಲ್ಲಿ

ಟ್ಯೂಬಿನ ಮೇಲಿನ ನಂಬರ್ ಎಲ್ಲಿಂದ ಬಂತು ಗೊತ್ತಾ? ಪರೀಕ್ಷೆ ಮಾಡುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಅಷ್ಟು ಹಚ್ಚಿದಾಗ ಮಾತ್ರ 50 ಅಂದರೆ 50. ನಾವು ಹಚ್ಚುವುದು ಹೇಗೆ? ಹಣೆಗೊಂದು ಚುಕ್ಕೆ, ಎರಡು ಗಲ್ಲಕ್ಕೆ ಎರಡು, ಮೂಗಿಗೊಂದು, ಗದ್ದಕ್ಕೊಂದು. ಆಮೇಲೆ ವಿಭೂತಿ ಒರೆಸಿಕೊಂಡ ಹಾಗೆ ಕಾಣದಂತೆ ತಿಕ್ಕಿಬಿಡುವುದು. ಅರ್ಧ ಹಚ್ಚಿದರೆ 25 ಆದರೂ ಸಿಗುತ್ತಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಅಷ್ಟೂ ಸಿಗದೆ ಹೋಗಬಹುದು.

ಅಳತೆ ಹೀಗೆ. ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿಯವರೆಗೆ ಎರಡು ಗೆರೆ ಹಿಂಡಿ. ಮುಖಕ್ಕೂ ಕುತ್ತಿಗೆಗೂ ಸೇರಿ ಇಷ್ಟು ಬೇಕು, ತೂಕದಲ್ಲಿ ಒಂದು ಗ್ರಾಂ ಮೇಲೆ ಸ್ವಲ್ಪ. ಮೊದಲ ಸಲ ನೋಡಿದವರು "ಇಷ್ಟ್ಯಾಕ್ರೀ?" ಅಂತಾರೆ. ಇಷ್ಟೇ. ದಿನಕ್ಕೆ ಎರಡು ಸಲ ಹೀಗೆ ಹಚ್ಚಿದರೆ 50 ಗ್ರಾಂ ಟ್ಯೂಬ್ ಸುಮಾರು ಮೂರು ವಾರಕ್ಕೆ ಮುಗಿಯಬೇಕು. ನಿಮ್ಮದು ಎಷ್ಟು ದಿನ ಬಂತು, ಎಣಿಸಿ ನೋಡಿ.

ಇಷ್ಟನ್ನು ಒಂದೇ ಸಲ ಹಚ್ಚಿದರೆ ಮುಖ ಬೆಳ್ಳಗೆ ಹಿಟ್ಟು ಬಳಿದ ಹಾಗೆ ಕಾಣುತ್ತದೆ, ಅದಕ್ಕೇ ಜನ ಕಡಿಮೆ ಮಾಡುತ್ತಾರೆ. ಗೋಡೆಗೆ ಸುಣ್ಣ ಹೊಡೆಯುವವರನ್ನು ನೋಡಿದ್ದೀರಲ್ಲ? ಮೊದಲ ಕೋಟ್ ಒಣಗಿದ ಮೇಲೆ ನೋಡಿದರೆ ಅಲ್ಲಲ್ಲಿ ಗೋಡೆ ಹಾಗೇ ಕಾಣುತ್ತಿರುತ್ತದೆ. ಎರಡನೇ ಕೋಟ್ ಹೊಡೆಯುವುದು ಅದಕ್ಕೆ. ಚರ್ಮವೂ ನುಣುಪಲ್ಲ, ಅದರಲ್ಲಿ ಸಣ್ಣ ಗೆರೆ ತಗ್ಗು ತುಂಬಿವೆ. ಒಂದು ಬೆರಳಿನದನ್ನು ಮೊದಲು ಹಚ್ಚಿ. ಒಂದೆರಡು ನಿಮಿಷ ಬಿಡಿ. ಆಮೇಲೆ ಎರಡನೇ ಬೆರಳಿನದು. ತಿಕ್ಕಬೇಡಿ, ಅಂಗೈಯಿಂದ ಸವರಿ ಒತ್ತಿ. ತಿಕ್ಕಿದಷ್ಟೂ ಅದು ಬೆರಳಿಗೆ ವಾಪಸ್ ಬರುತ್ತದೆ.

ಬಿಟ್ಟುಹೋಗುವ ಜಾಗ ಯಾವಾಗಲೂ ಅವೇ: ಕಿವಿಯ ಮೇಲಂಚು, ಕುತ್ತಿಗೆಯ ಹಿಂಭಾಗ, ಬೈತಲೆ ಹತ್ತಿರದ ಹಣೆ, ಮುಂಗೈ, ಚಪ್ಪಲಿ ಪಟ್ಟಿಯ ಗುರುತು ಬೀಳುವ ಪಾದ. ಸ್ಕೂಟಿ ಹಿಡಿದ ಮುಂಗೈ ನೋಡಿದರೆ ಯಾರು ಎಷ್ಟು ವರ್ಷದಿಂದ ಗಾಡಿ ಓಡಿಸುತ್ತಿದ್ದಾರೆ ಅಂತ ನಾನು ಹೇಳಬಲ್ಲೆ.

ಹಚ್ಚಿ 15–20 ನಿಮಿಷ ಮನೆಯಲ್ಲೇ ಇರಿ. ಒಣಗಿ ಒಂದೇ ಸಮನೆ ಪೊರೆಯಾಗಬೇಕು. ಒಳಗಿರುವ ಫಿಲ್ಟರ್ ಕಿರಣವನ್ನು ಹೀರಿ ಸಣ್ಣ ಶಾಖವಾಗಿ ಬಿಟ್ಟುಬಿಡುತ್ತದೆ. ಜಿಂಕ್ ಆಕ್ಸೈಡ್ ಕನ್ನಡಿಯ ಹಾಗೆ ಕಿರಣ ವಾಪಸ್ ಹೊಡೆಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಅದೂ ಹೆಚ್ಚಾಗಿ ಹೀರುವುದೇ. ಪೊರೆಯಲ್ಲಿ ತೂತಿದ್ದರೆ ಯಾವ ಫಿಲ್ಟರೂ ಕೆಲಸಕ್ಕೆ ಬಾರದು.

ಹೊಲಕ್ಕೆ, ಸಂತೆಗೆ ಹೋಗುವವರು ಎರಡು ತಾಸಿಗೊಮ್ಮೆ, ಬೆವರು ಒರೆಸಿಕೊಂಡ ಕೂಡಲೇ ಮತ್ತೊಮ್ಮೆ ಹಚ್ಚಿ. ಆಫೀಸಿನೊಳಗೆ ಕೂರುವವರು ಊಟಕ್ಕೆ ಹೊರಗೆ ಹೋಗುವ ಮುಂಚೆ ಹಚ್ಚಿದರೆ ಸಾಕು.

ಅಡ್ಡದಾರಿಗಳು

ಕ್ರೀಮ್ 30, ಪೌಡರ್ 20, ಕೂಡಿಸಿದರೆ 50 ಆಗುವುದಿಲ್ಲ. ಫೌಂಡೇಶನ್ ಜೊತೆ ಕಲಸಿ ಹಚ್ಚಬೇಡಿ, ನೀರು ಬೆರೆಸಿದ ಹಾಲಿನ ಕಥೆಯಾಗುತ್ತದೆ. ಕೊಬ್ಬರಿ ಎಣ್ಣೆ ಸನ್‌ಸ್ಕ್ರೀನ್ ಅಲ್ಲ. ಟ್ಯೂಬನ್ನು ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ, ಆ ಬೇಯುವ ಶಾಖಕ್ಕೆ ಒಳಗಿನ ಕ್ರೀಮ್ ಒಡೆಯುತ್ತದೆ. ಓಢಣಿ ಸುತ್ತಿಕೊಳ್ಳುವುದು ಒಳ್ಳೆಯದೇ, ಆದರೆ ಬೆಳಕಿಗೆ ಹಿಡಿದಾಗ ಆಚೆ ಕಾಣುವಂಥ ತೆಳು ಬಟ್ಟೆ ಬೇಡ. ದಟ್ಟ ನೇಯ್ಗೆ, ಗಾಢ ಬಣ್ಣ ಇರಲಿ. ಆರು ತಿಂಗಳೊಳಗಿನ ಕೂಸಿಗೆ ಕ್ರೀಮ್ ಬೇಡ, ನೆರಳು ಮತ್ತು ಬಟ್ಟೆ ಸಾಕು.

ಎಲ್ಲಕ್ಕಿಂತ ಕೆಟ್ಟದ್ದು ಲಿಂಬೆ ರಸ. ಇಂಡಿ ಲಿಂಬೆಯ ಜಿಲ್ಲೆ ನಮ್ಮದು. ಮನೆಯಲ್ಲಿ ಸದಾ ಇರುತ್ತದೆ ಅಂತ ಕಡಲೆಹಿಟ್ಟಿಗೆ ಹಿಂಡಿ ಮುಖಕ್ಕೆ ಹಚ್ಚಿ, ಸುಮ್ನೆ ನೀರು ಚಿಮುಕಿಸಿ ತೊಳೆದು ಬಿಸಿಲಿಗೆ ಹೋಗುತ್ತಾರೆ. ಲಿಂಬೆಯೊಳಗಿನ ಒಂದು ಅಂಶಕ್ಕೆ ಯುವಿಎ ತಾಗಿದರೆ ಚರ್ಮ ಸುಡುತ್ತದೆ. ಒಂದೆರಡು ದಿನಕ್ಕೆ ಬೊಬ್ಬೆ, ಆಮೇಲೆ ವಾರಗಟ್ಟಲೆ ಹೋಗದ ಕಂದು ಕಲೆ. ಒಬ್ಬ ಹುಡುಗಿಯ ಗಲ್ಲದ ಮೇಲೆ ರಸ ಇಳಿದುಹೋದ ಗೆರೆ ಗೆರೆಯೇ ಮೂಡಿತ್ತು. ಹಚ್ಚಲೇಬೇಕೆನ್ನುವವರು ಹಿಟ್ಟಿಗೆ ಮೊಸರು ಹಾಕಿ.

ಹಚ್ಚಿದ ಸನ್‌ಸ್ಕ್ರೀನ್ ತೆಗೆಯಲು ರಾತ್ರಿ ಸಾಬೂನಿನಿಂದ ಮುಖ ತೊಳೆದರೆ ಆಯಿತು.

ಬಿಳಿ ಅಂಗಿಯ ಕಾಲರ್ ಮೇಲೆ ತುಕ್ಕಿನಂಥ ಹಳದಿ ಕಲೆ ಬಿದ್ದರೆ ಗಾಬರಿಯಾಗಬೇಡಿ. ಕೆಲವು ಸನ್‌ಸ್ಕ್ರೀನಿನಲ್ಲಿರುವ ಅವೊಬೆಂಜೋನ್ ಅನ್ನುವ ಫಿಲ್ಟರ್, ನೀರಿನಲ್ಲಿರುವ ಕಬ್ಬಿಣದ ಜೊತೆ ಸೇರಿದರೆ ಹೀಗಾಗುತ್ತದೆ. ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ಒಂದು ಲಿಂಬೆಹಣ್ಣು ಹಿಂಡಿ, ಉಪ್ಪು ಉದುರಿಸಿ, ಅರ್ಧ ತಾಸು ಬಿಟ್ಟು ಒಗೆಯಿರಿ. ಆಮೇಲೆ ನಿಮ್ಮ ಕೈಯನ್ನೂ ಚೆನ್ನಾಗಿ ತೊಳೆದುಕೊಂಡು ಅಂಗಳಕ್ಕೆ ಹೋಗಿ ಒಣಹಾಕಿ.