ಹಳೇ ಸಿಂಥ್ ಕೊಳ್ಳುವ ಮುಂಚೆ ಹಿಂಬದಿ ನೋಡಿ

ಕಡಿಮೆ ದುಡ್ಡಲ್ಲಿ ಹಳೇ ಡಿಜಿಟಲ್ ಸಿಂಥಸೈಜರ್ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂಥ್) ಹುಡುಕುವವರಿಗೆ ಒಂದು ಮಾತು. ಎಲ್ಲರೂ ಯಮಾಹಾ ಡಿಎಕ್ಸ್7 (1983), ಕಾರ್ಗ್ ಎಂ1 (1988) ಹಿಂದೆ ಬೀಳುತ್ತಾರೆ. ಹೆಸರಿಗೇ ಜಾಸ್ತಿ ರೇಟು. ಅದರ ಬದಲು ಕೀ ಇಲ್ಲದ ರ್‍ಯಾಕ್ ಮಾಡ್ಯೂಲ್ (ಸದ್ದು ಹುಟ್ಟಿಸುವ ಡಬ್ಬಿ ಮಾತ್ರ) ನೋಡಿ. 1987ರ ಯಮಾಹಾ ಟಿಎಕ್ಸ್81ಝಡ್ ಕೂಡ ಎಫ್‌ಎಂ ಜಾತಿಯದೇ, ಅಂದ್ರೆ ಡಿಎಕ್ಸ್7 ಥರ ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸಿ ಸದ್ದು ಹುಟ್ಟಿಸುವಂಥದ್ದು. ಡಿಎಕ್ಸ್7ಗೆ 6 ಆಪರೇಟರ್ (ಅಲೆ ಹುಟ್ಟಿಸುವ ಘಟಕ), ಇದಕ್ಕೆ 4. ಮನೆಯಲ್ಲಿರುವ ಮಿಡಿ (ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ವ್ಯವಸ್ಥೆ) ಕೀಬೋರ್ಡಿಗೆ ಸಿಕ್ಕಿಸಿದರೆ ಆಯ್ತು. ಕೀ ಇಲ್ಲ ಅಂದ್ರೆ ನಮ್ಮ ಉಪ್ಪುಗಾಳಿಗೆ ತಿನ್ನೋಕೆ ಒಂದು ಜಾಗ ಕಡಿಮೆ, ಅಲ್ವಾ?

ಮಂಗಳೂರಲ್ಲಿ ಚರ್ಚ್ ಕ್ವಾಯರ್‌ನವರನ್ನು, ಮದುವೆಗೆ ನುಡಿಸುವ ಬ್ಯಾಂಡಿನವರನ್ನು ಕೇಳಿ ನೋಡಿ. ಅಟ್ಟದ ಮೇಲೆ ಏನಾದರೂ ಇರುತ್ತದೆ.

ದುಡ್ಡು ಕೊಡುವ ಮೊದಲು ಹಿಂಬದಿಗೆ ಅಂಟಿಸಿದ ವೋಲ್ಟಿನ ಚೀಟಿ ಓದಿ. ನಾನು ಓದಲಿಲ್ಲ. ಜಪಾನಿನಿಂದ ಬಂದ 100 ವೋಲ್ಟಿನ ಮಾಡ್ಯೂಲನ್ನು ಸೀದಾ ನಮ್ಮ 230ಕ್ಕೆ ಸಿಕ್ಕಿಸಿದೆ. ಟಪ್ ಅಂತು, ಸುಟ್ಟ ವಾಸನೆ, ಮುಗೀತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ದರೆ ಬದುಕುತ್ತಿತ್ತು.

ಇಂಥವುಗಳ ಒಳಗೆ ಸಾಮಾನ್ಯವಾಗಿ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಇರುತ್ತದೆ. ಅದು ಸತ್ತರೆ ನೀವು ಉಳಿಸಿಕೊಂಡ ಸೌಂಡ್‌ಗಳೂ ಹೋಗುತ್ತವೆ. ಬದಲಿಸುವ ಮೊದಲು ಮಿಡಿ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕೆಲವದರಲ್ಲಿ ಬ್ಯಾಟರಿ ಬೆಸುಗೆ ಹಾಕಿರುತ್ತಾರೆ, ಟಿವಿ ರಿಪೇರಿಯವರ ಹತ್ತಿರ ಕೊಡಿ.

ಅಕಾಯ್ ಎಸ್2000 ಥರದ ಸ್ಯಾಂಪ್ಲರ್ (ರೆಕಾರ್ಡ್ ಮಾಡಿದ ಸದ್ದನ್ನು ನುಡಿಸುವ ಯಂತ್ರ) ಆದರೆ ಫ್ಲಾಪಿಯನ್ನೂ ನೋಡಿ. ತಗಡಿನ ಮುಚ್ಚಳ ಪಕ್ಕಕ್ಕೆ ಸರಿಸಿ. ಕಪ್ಪು ತಟ್ಟೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಮಳೆಗಾಲದ ಬೂಸ್ಟು. ಅದನ್ನು ಡ್ರೈವಿಗೆ ತೂರಿಸಲೇಬೇಡಿ, ಹೆಡ್ ಹಾಳು. ಡ್ರೈವೇ ಕೆಟ್ಟಿದ್ದರೆ ಚೌಕಾಸಿ ಮಾಡಿ. ಪೆನ್‌ಡ್ರೈವ್ ಹಾಕುವ ಗೋಟೆಕ್ ಅನ್ನೋ ಬದಲಿ ಡ್ರೈವ್ ಆನ್‌ಲೈನಲ್ಲಿ ಸಿಗುತ್ತದೆ.