ದಿನವೂ ತೊಡುವ ಮದುವೆಯ ಉಂಗುರಕ್ಕೆ ಯಾವ ಲೋಹ?

ತಾಳಿ ಯಾವ ಲೋಹದ್ದಿರಬೇಕು ಎಂದು ನಮ್ಮ ಮನೆಗಳಲ್ಲಿ ಯಾರೂ ಚರ್ಚಿಸುವುದಿಲ್ಲ, ಅದು ಬಂಗಾರದ್ದೇ. ಉಂಗುರ ಹಾಗಲ್ಲ. ಹಳದಿ ಚಿನ್ನ, ಬಿಳಿ ಚಿನ್ನ, ಪ್ಲಾಟಿನಂ, ಟೈಟಾನಿಯಂ ಎಲ್ಲವನ್ನೂ ಅಂಗಡಿಯವರು ಮುಂದೆ ಹರಡುತ್ತಾರೆ. ದರ ಕೇಳುವ ಮೊದಲು ಅದನ್ನು ತೊಡುವ ಕೈಗೆ ಏನು ಕೆಲಸವಿದೆ ಎಂದು ಯೋಚಿಸಿ.

ಮೊದಲು ಕೈ ನೋಡಿ. ಹಿಟ್ಟು ನಾದುವ, ಪಾತ್ರೆ ತಿಕ್ಕುವ, ಬೈಕ್ ಓಡಿಸುವ ಕೈಯಲ್ಲಿ ಉಂಗುರ ದಿನವೂ ಉಜ್ಜುತ್ತದೆ. 24 ಕ್ಯಾರೆಟ್‌ನ ಅಪರಂಜಿ ಇದಕ್ಕೆ ತೀರಾ ಮೆದು, ಅದನ್ನು ಮರೆತುಬಿಡಿ. ಬ್ಲೀಚ್ ಮತ್ತು ಈಜುಕೊಳದ ಕ್ಲೋರಿನ್ ಚಿನ್ನದಲ್ಲಿ ಬೆರೆತ ಇತರ ಲೋಹಗಳನ್ನು ತಿನ್ನುತ್ತವೆ. ಅಂಥ ಕೆಲಸವಿದ್ದಾಗ ಉಂಗುರವನ್ನು ತೆಗೆದಿಡಬೇಕು.

ಹರಳು ಇದೆಯೇ, ಇಲ್ಲವೇ? ನನ್ನ ಪ್ರಕಾರ ಆಯ್ಕೆಯ ತಿರುಳು ಇಲ್ಲಿದೆ. ಹರಳಿಲ್ಲದ ಸಾದಾ ಉಂಗುರಕ್ಕೆ 22 ಕ್ಯಾರೆಟ್ ಧಾರಾಳವಾಗಿ ಸಾಕು. ಗೀರು ಬಿದ್ದರೆ ಪಾಲಿಶ್ ಮಾಡಿಸಬಹುದು, ಮಾರುವಾಗ ಯಾವ ಊರಿನ ಅಕ್ಕಸಾಲಿಗರೂ ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆ. ವಜ್ರ ಕೂರಿಸುವುದಾದರೆ 18 ಕ್ಯಾರೆಟ್ ಕೇಳಿ. ಹರಳನ್ನು ಹಿಡಿದಿರುವ ಪುಟ್ಟ ಕೊಂಡಿಗಳು 22 ಕ್ಯಾರೆಟ್‌ನಲ್ಲಿ ಸೀರೆಯ ದಾರಕ್ಕೆ ಸಿಕ್ಕಿಕೊಂಡರೂ ಬಾಗಬಹುದು. ಕೊಂಡಿ ಸಡಿಲವಾಯಿತೆಂದು ಗೊತ್ತಾಗುವ ಹೊತ್ತಿಗೆ ಹರಳು ಎಲ್ಲೋ ಬಿದ್ದುಹೋಗಿರುತ್ತದೆ.

ಬಿಳಿ ಬಣ್ಣ ಬೇಕೆಂದರೆ ಬಿಳಿ ಚಿನ್ನ ಮತ್ತು ಪ್ಲಾಟಿನಂ ಒಂದೇ ಎಂದು ತಿಳಿಯಬೇಡಿ. ಬಿಳಿ ಚಿನ್ನದ ಹೊಳಪು ಸಾಮಾನ್ಯವಾಗಿ ಮೇಲಿನ ರೋಡಿಯಂ ಲೇಪನದ್ದು. ಅದು ಸವೆದಂತೆ ಒಳಗಿನ ತಿಳಿಹಳದಿ ಇಣುಕುತ್ತದೆ, ಮತ್ತೆ ಲೇಪಿಸಬೇಕಾಗುತ್ತದೆ. ನಿಕಲ್ ಬೆರೆತಿದ್ದರೆ ಕೆಲವರ ಬೆರಳಿಗೆ ತುರಿಕೆ ಬರುತ್ತದೆ. ಪಲ್ಲಾಡಿಯಂ ಬೆರೆತದ್ದನ್ನೇ ಕೇಳಿ. ಪ್ಲಾಟಿನಂ ಸಹಜವಾಗಿಯೇ ಬಿಳಿ, ಶೇ 95ರಷ್ಟು ಶುದ್ಧವಿದ್ದರೆ ಒಳಗೆ 950 ಎಂದು ಮುದ್ರೆ ಇರುತ್ತದೆ. ಒಂದೇ ಅಳತೆಯ ಚಿನ್ನದ ಉಂಗುರಕ್ಕಿಂತ ಇದು ಭಾರ. 1,768 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಲೋಹವಾದ್ದರಿಂದ ಬಡಾವಣೆಯ ಸಣ್ಣ ಅಂಗಡಿಯಲ್ಲಿ ಅಳತೆ ಸರಿಪಡಿಸುವುದು ಕಷ್ಟ. ಹಳೆಯದನ್ನು ಮರಳಿ ಕೊಳ್ಳುವಾಗ ಎಷ್ಟು ಕಡಿತ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

ಬೆಳ್ಳಿ ಕಾಲುಂಗುರಕ್ಕೆ ಚೆನ್ನ, ಕೈಬೆರಳಲ್ಲಿ ಬೇಗ ಕಪ್ಪಾಗುತ್ತದೆ, ಸವೆಯುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಗೀರಿಗೆ ಜಗ್ಗದು. ಆದರೆ ಬೆರಳು ದಪ್ಪವಾದರೆ ಅದನ್ನು ಹಿಗ್ಗಿಸಲಾಗದು.

ಮುದ್ರೆ ಓದಿ. ಅಂಗಡಿಯ ಭೂತಗನ್ನಡಿ ಕೇಳಿ ಪಡೆದು ಉಂಗುರದ ಒಳಭಾಗ ನೋಡಿ. ಚಿನ್ನವಾದರೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಚಿಹ್ನೆ, ಶುದ್ಧತೆ (22 ಕ್ಯಾರೆಟ್‌ಗೆ 916, 18ಕ್ಕೆ 750), ಅಕ್ಷರ ಮತ್ತು ಅಂಕಿ ಸೇರಿ ಆರು ಸ್ಥಾನಗಳ ಎಚ್‌ಯುಐಡಿ, ಅಂದರೆ ಆ ಆಭರಣಕ್ಕಷ್ಟೇ ಸೇರಿದ ಗುರುತು ಸಂಖ್ಯೆ ಇರಬೇಕು. ಈ ಶುದ್ಧತೆಯ ಮುದ್ರೆಯೇ ಹಾಲ್‌ಮಾರ್ಕ್. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಚಿನ್ನಾಭರಣ ಮಾರುವಂತಿಲ್ಲ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಸಿಗುತ್ತದೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ತೆಳು ಉಂಗುರಗಳು ಈ ಮಿತಿಯೊಳಗೇ ಬರುತ್ತವೆ. ಆದ್ದರಿಂದ ಸ್ವಲ್ಪ ತೂಕ ಹೆಚ್ಚಿಸಿಯಾದರೂ ಮುದ್ರೆ ಇರುವುದನ್ನೇ ಕೊಳ್ಳಿ.

ಬಿಲ್ ಬಿಡಿಸಿ ನೋಡಿ. ನಾಲ್ಕು ಗ್ರಾಂನ 18 ಕ್ಯಾರೆಟ್ ಉಂಗುರದಲ್ಲಿ ಶುದ್ಧ ಚಿನ್ನ ಮೂರು ಗ್ರಾಂ ಮಾತ್ರ. ದರವನ್ನೂ 18 ಕ್ಯಾರೆಟ್‌ಗೇ ಹಾಕಿರಬೇಕು. ಹರಳಿನ ತೂಕ ಕಳೆದ ನಿವ್ವಳ ತೂಕ, ಮಜೂರಿ, ವೇಸ್ಟೇಜ್, ಶೇ 3ರ ಜಿಎಸ್‌ಟಿ ಬೇರೆಬೇರೆಯಾಗಿ ಬರೆದಿರಲಿ. ಮಜೂರಿಯಲ್ಲಿ ಚೌಕಾಸಿಗೆ ಅವಕಾಶವಿದೆ, ಸಂಕೋಚಪಡದೆ ಕೇಳಿ.