ಕಾಫಿ ಕುಡಿದು ಮಲಗುವ ಡ್ರೈವರ್

"ಕಾಫಿ ಕುಡದು ಯಾರರ ಮಲಗತಾರೇನೋ ಮಾರಾಯ?" ಅಂತ ಹುಬ್ಬಳ್ಳಿಯ ಗಬ್ಬೂರ ಬೈಪಾಸಿನ ಚಹಾದಂಗಡಿಯಲ್ಲಿ ನಕ್ಕವರೇ ಈಗ ನನ್ನ ಥರ್ಮಾಸ್ ಮೇಲೆ ಕಣ್ಣಿಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಬ್ಯಾಡಗಿಯಿಂದ ನವಿ ಮುಂಬೈಯ ವಾಶಿಗೆ ಒಣಮೆಣಸಿನಕಾಯಿ ಲೋಡು, ಹತ್ತಿರಹತ್ತಿರ 650 ಕಿ.ಮೀ. ಸಂಜೆ 6ಕ್ಕೆ ಬಿಟ್ಟರೆ ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರದವರೆಗೆ ತಕರಾರಿಲ್ಲ. ಕರಾಡ ದಾಟಿ ಸಾತಾರಾ ಮುಟ್ಟುವುದರೊಳಗೆ, ಬೆಳಗಿನ ಜಾವ 3ರಿಂದ 4:30ರ ನಡುವೆ, ನಿದ್ದೆ ಬರುತ್ತದೆ. 2019ರಲ್ಲಿ ಅಲ್ಲೇ ಡಿವೈಡರ್ ಹತ್ತಿಸಿದೆ. ಕಣ್ಣು ತೆರೆದೇ ಇದ್ದವು, ಮೂರು ಸೆಕೆಂಡು ಮಾತ್ರ ಎಲ್ಲಿ ಹೋದವೋ ಗೊತ್ತಿಲ್ಲ. 60ರ ವೇಗದಲ್ಲಿ ಮೂರು ಸೆಕೆಂಡು ಅಂದರೆ 50 ಮೀಟರ್. ಬಂಪರ್, ರೇಡಿಯೇಟರ್, ಕ್ರೇನ್ ಸೇರಿ 45 ಸಾವಿರದ ಮೇಲಾಯಿತು. ಮಾಲಕರು ಅರ್ಧ ನನ್ನ ಪಗಾರದಲ್ಲಿ ಮುರಕೊಂಡರು, ಎಂಟೋ ಒಂಬತ್ತೋ ತಿಂಗಳು.

ಅದಕ್ಕೂ ಮೊದಲು ಎಲ್ಲರಂತೆ ಎಲ್ಲಾ ಮಾಡಿದ್ದೆ. ಗುಟ್ಕಾ, ಹಾಡು, ಕಣ್ಣಕೆಳಗೆ ಬಾಮ್. ಬಾಮ್ ಹಚ್ಚಿದಾಗ ನಿದ್ದೆಯೇನೋ ಹೋಯಿತು, ಜೊತೆಗೆ ರಸ್ತೆಯೂ ಕಾಣದಾಯಿತು. ಒಮ್ಮೆ ಲೋಡಿನಿಂದಲೇ ಮೆಣಸಿನಕಾಯಿ ಕಡಿದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ತುಟಿ ಕೆಂಪಾಯಿತು, ನಿದ್ದೆ ಹಾಗೇ ಇತ್ತು. ಮುಂದಿನ ಸಲ ಗುಂಟೂರು ಕಾಯಿ ಒಯ್ದೆ. ಅದರ ಫಲ ಮೂರು ಸಲ ಗಾಡಿ ನಿಲ್ಲಿಸಿ ಹೊಲಕ್ಕೆ ಓಡಿದ್ದು.

ಕೊನೆಗೆ ಕೈಹಿಡಿದದ್ದು ಕಾಫಿ. ಕುಡಿದ ಮೇಲೆ ಅದು ಕೆಲಸ ಶುರು ಮಾಡಲು 20-25 ನಿಮಿಷ ಬೇಕು. ಆ ಹೊತ್ತನ್ನು ಸ್ಟೇರಿಂಗ್ ಹಿಡಿದು ಕಳೆಯುವ ಬದಲು ಮಲಗಿ ಕಳೆಯುವುದು, ಇಷ್ಟೇ ಲೆಕ್ಕ. ಆದರೆ ನಿದ್ದೆ ಬಂದಮೇಲೆ ಅಲ್ಲ. ಕರಾಡಕ್ಕೆ ಮೊದಲೇ, ಕಣ್ಣು ಚುರುಕಾಗಿದ್ದಾಗಲೇ, 2ರ ಸುಮಾರಿಗೆ ಗಾಡಿ ಸೈಡಿಗೆ ಹಾಕಬೇಕು. ಇದು ತಿಳಿಯಲು ನನಗೆ ಏಳೆಂಟು ಟ್ರಿಪ್ ಹಿಡಿಯಿತು. ಮೊದಲ ಸಲ ಎಬ್ಬಿಸಬೇಕಿದ್ದ ಕ್ಲೀನರ್ ನನಗಿಂತ ಮೊದಲೇ ಗೊರಕೆ ಹೊಡೆದ. ಎರಡು ತಾಸು ಹೋಯಿತು, ವಾಶಿಯಲ್ಲಿ ತಡವಾಯಿತೆಂದು ಬಾಡಿಗೆಯಲ್ಲಿ 1,500 ಕಟ್. ಇನ್ನೊಮ್ಮೆ ಮುಕ್ಕಾಲು ತಾಸು ಮಲಗಿ ಎದ್ದೆ. ತಲೆ ಕಲ್ಲಾಗಿತ್ತು, ಟೋಲಿನ ಪ್ಲಾಸ್ಟಿಕ್ ಕಂಬ ಒರೆಸಿಕೊಂಡು ಹೋದೆ. ಮತ್ತೊಂದು ರಾತ್ರಿ ಟ್ಯಾಂಕಿನ ಬೀಗ ಮುರಿದು 70-80 ಲೀಟರ್ ಡೀಸೆಲ್ ಇಳಿಸಿಕೊಂಡರು. "ನಿದ್ದಿ ಮಾಡಾಕ ಪಗಾರ ಕೊಡಬೇಕೇನು ನಿನಗ?" ಅಂದರು ಮಾಲಕರು. ಏನು ಹೇಳಲಿ?

ಈಗ 20 ನಿಮಿಷ, ಹೆಚ್ಚೆಂದರೆ 25. ಧಾಬಾ ಚಹಾ ಅಲ್ಲ, ಅದು ಬರೀ ಸಕ್ಕರೆ. ಹುಬ್ಬಳ್ಳಿಯಿಂದಲೇ ಥರ್ಮಾಸಿನಲ್ಲಿ ಕಪ್ಪು ಕಾಫಿ ತರುತ್ತೇನೆ. ಅದರಲ್ಲಿ ಇನ್ನೊಂದು ಸಾಮಾನು ಬೀಳುತ್ತದೆ, ಅದು ನನಗೂ ಮನೆಯವಳಿಗೂ ಗೊತ್ತು, ಸಾಕು. ಗಾಡಿ ಎಲ್ಲಿ ಹಾಕುತ್ತೇನೆ ಅನ್ನುವುದನ್ನೂ ಹೇಳಲಾರೆ. ಹೇಳಿದರೆ ನಾಳೆ ನನಗೇ ಜಾಗ ಸಿಗಲಿಕ್ಕಿಲ್ಲ.

ಬರೀ ಕಾಫಿಯಿಂದ ಆಗುವುದಿಲ್ಲ, ಹಗಲಿನ ನಿದ್ದೆಯೂ ಬೇಕು. ಹಮಾಲರು ಲೋಡ್ ಮಾಡುವಾಗ ಮೊದಲು ಇಸ್ಪೀಟಿಗೆ ಕೂರುತ್ತಿದ್ದೆ. ಈಗ ಚೀಲ ಎಣಿಸಲು ಕ್ಲೀನರ್‌ಗೆ ನನ್ನ ಬಾಟಾದಿಂದಲೇ (ಟ್ರಿಪ್ಪಿನ ಭತ್ಯೆ) 100 ಕೊಟ್ಟು ಮೂರು ತಾಸು ಮಲಗುತ್ತೇನೆ. ಇಸ್ಪೀಟಿನಲ್ಲಿ ಸೋಲುತ್ತಿದ್ದುದಕ್ಕಿಂತ ಇದು ಅಗ್ಗ. ರಾತ್ರಿ ಊಟದಲ್ಲಿ ಅನ್ನ ಬಿಟ್ಟೆ. ಎರಡು ರೊಟ್ಟಿ, ಶೇಂಗಾ ಚಟ್ನಿ, ಮುಗಿಯಿತು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ತಾಸು ಕೆಲಸ, 5 ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿ ಅಂತಿತ್ತು. ಮಾಲಕರಿಗೆ ಹೇಳಿದೆ. "ಹೌದೇನಪಾ?" ಅಂದು ಫೋನ್ ಎತ್ತಿಕೊಂಡು ಹೊರಗೆ ಹೋದರು. ಆದರೆ ಈ 20 ನಿಮಿಷದ ಲೆಕ್ಕ ಕೈಹತ್ತಿದ ಮೇಲೆ ನಾಲ್ಕು ವರ್ಷ, ಇನ್ನೂರೋ ಇನ್ನೂರಿಪ್ಪತ್ತೋ ಟ್ರಿಪ್, ಗಾಡಿಗೆ ಒಂದು ಗೀರಿಲ್ಲ. ಈಗ ಹೊಸ ಹುಡುಗರನ್ನು ಅವರೇ ನನ್ನ ಹತ್ತಿರ ಕಳಿಸುತ್ತಾರೆ, "ಅಣ್ಣನ ಕೂಡ ಎರಡು ಟ್ರಿಪ್ ಹೋಗಿ ಬಾ" ಅಂತ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಅಂಥದ್ದೊಂದು ತರುತ್ತೇನೆ ಅಂತಿದ್ದಾರೆ ಮಾಲಕರು. ತಂಪಿನಲ್ಲಿ ಈ 20 ನಿಮಿಷ 40 ಆಗದಿದ್ದರೆ ಸಾಕು. ಅಲಾರಂ ಈಗಲೇ ಎರಡು ಇಟ್ಟಿದ್ದೇನೆ, ಕ್ಲೀನರ್ ಮೇಲಂತೂ ಭರವಸೆ ಇಲ್ಲ.